ಕೊಲೆಗಾರ ಗೊಂಬೆ ಸಿನಿಮಾಗಳ ಎರಡನೇ ಭಾಗ ಯಾಕೆ ಹೆದರಿಸೋದಿಲ್ಲ? (ಮೇಗನ್ 2.0 ನೋಡಿದ ಮೇಲೆ)

ನಿಶಾಚರಿ
ಮೇಗನ್ 2.0 ನೋಡಿ ಮುಗಿಸಿದೆ. ಬೇಜಾರಾಯಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆಯೆಲ್ಲ ಬಿಚ್ಚಿ ಹೇಳಿದ್ದೇನೆ.

ಮೊದಲ ಭಾಗ ನನಗೆ ತುಂಬಾ ಹಿಡಿಸಿತ್ತು. ಅಪ್ಪ ಅಮ್ಮನನ್ನು ಅಪಘಾತದಲ್ಲಿ ಕಳೆದುಕೊಂಡ ಹುಡುಗಿ. ಅವಳನ್ನು ಸಾಕಬೇಕಾದ ಚಿಕ್ಕಮ್ಮ ಜೆಮ್ಮಾಗೆ ಮಗು ಸಾಕಿ ಗೊತ್ತಿಲ್ಲ, ಗೊಂಬೆ ಮಾಡಿ ಗೊತ್ತು. ಅವಳು ಮಾಡಿದ ಬುದ್ಧಿವಂತ ಯಂತ್ರದ ಗೊಂಬೆಯೇ ಮೇಗನ್. ನನ್ನನ್ನು ಹೆದರಿಸಿದ್ದು ಕೊಲೆಗಳಲ್ಲ. ಕಂಪನಿಯ ದೊಡ್ಡವರಿಗೆ ಗೊಂಬೆ ತೋರಿಸುವ ದೃಶ್ಯ ಇದೆಯಲ್ಲ, ಅದು. ಗಾಜಿನ ಆಚೆ ಎಲ್ಲರೂ ನಿಂತಿದ್ದಾರೆ. ಈಚೆ ಹುಡುಗಿ ಅಳುತ್ತಿದ್ದಾಳೆ, ಅಪ್ಪ ಅಮ್ಮ ಮರೆತು ಹೋಗುತ್ತಾರೆ ಅನ್ನೋ ಭಯ ಅವಳಿಗೆ. ಅಮ್ಮನ ಬಗ್ಗೆ ಒಂದು ನೆನಪು ಹೇಳು ಅನ್ನುತ್ತೆ ಗೊಂಬೆ. ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತೆ, ಆಮೇಲೆ ಹಾಡುತ್ತೆ. ಗಾಜಿನ ಆಚೆ ಇರುವವರು ಕಣ್ಣೊರೆಸಿಕೊಳ್ಳುತ್ತಾರೆ. ಒಂದು ಮಗುವಿನ ದುಃಖವನ್ನೇ ಮಾರಾಟಕ್ಕೆ ಇಟ್ಟಿದ್ದೇವೆ ಅಂತ ಅಲ್ಲಿ ಯಾರಿಗೂ ಅನ್ನಿಸೋದಿಲ್ಲ. ನನಗೆ ಮೈ ಜುಮ್ಮೆಂದಿದ್ದು ಅಲ್ಲಿ.

ಎರಡನೇ ಭಾಗ ಶುರುವಾಗೋದೇ ಟರ್ಕಿ-ಇರಾನ್ ಗಡಿಯಲ್ಲಿ. ಮೇಗನ್ ತಂತ್ರಜ್ಞಾನ ಕದ್ದು ಮಾಡಿದ ಅಮೀಲಿಯಾ ಅನ್ನೋ ಸೈನಿಕ ರೋಬೋ. ಅದು ಹಿಡಿತ ತಪ್ಪುತ್ತೆ. ಅದನ್ನು ತಡೆಯೋಕೆ ಮೇಗನ್‌ಗೇ ಹೊಸ ಮೈ ಕೊಟ್ಟು ಎಬ್ಬಿಸುತ್ತಾರೆ. ಆಮೇಲೆ ಗೂಢಚಾರಿಕೆ, ಪಾರ್ಟಿ, ಹೊಡೆದಾಟ, ರೆಕ್ಕೆ ಸೂಟು ಹಾಕಿಕೊಂಡು ಹಾರಾಟ. ಮೇಗನ್ ಒಳ್ಳೆಯವಳಾಗಿಬಿಟ್ಟಿದ್ದಾಳೆ! ಬೋರಂತೂ ಆಗಲಿಲ್ಲ. ಆದರೆ ಒಂದು ಸಲವೂ ಹಿಂದೆ ತಿರುಗಿ ನೋಡಬೇಕು ಅನ್ನಿಸಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಗೊಂಬೆಗೆ ಜೀವ ಇದೆ ಅಂತ ಒಮ್ಮೆ ಗೊತ್ತಾದ ಮೇಲೆ ಭಯ ಮುಗಿದೇ ಹೋಗುತ್ತಾ? ನಿಮ್ಮನ್ನು ನಿಜವಾಗಿ ಹೆದರಿಸಿದ ಎರಡನೇ ಭಾಗ ಯಾವುದಾದರೂ ಇದೆಯಾ?

ಕೊನೇಸಾಲು
ಚೈಲ್ಡ್ಸ್ ಪ್ಲೇ 2. ಬೇರೆ ಉತ್ತರವೇ ಇಲ್ಲ.

ಹಳೇಕ್ಯಾಸೆಟ್
ಕೊನೇಸಾಲು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಆದರೆ ಕಾರಣ ಹೇಳಬೇಕು, ಇಲ್ಲದಿದ್ದರೆ ಹೊಸಬರಿಗೆ ಅರ್ಥವಾಗೋದಿಲ್ಲ.

1988ರ ಮೊದಲ ಚಿತ್ರದಲ್ಲಿ ಕೊಲೆಗಾರನ ಆತ್ಮ ಹೊಕ್ಕ ಚಕಿ ಅನ್ನೋ ಗೊಂಬೆ ಅರ್ಧ ಸಿನಿಮಾ ಸುಮ್ನೆ ಕೂತಿರುತ್ತೆ. ಕೊಲೆ ಮಾಡುತ್ತಿರೋದು ಗೊಂಬೆಯಾ, ಹುಡುಗನಾ ಅನ್ನೋ ಅನುಮಾನ ಪಾತ್ರಗಳಿಗೆಲ್ಲ ಇರುತ್ತೆ. ಆಮೇಲೆ ಆ ಬ್ಯಾಟರಿ ದೃಶ್ಯ. ತಾಯಿ ಖಾಲಿ ಡಬ್ಬಿ ಎತ್ತಿದರೆ ಒಳಗಿಂದ ಬ್ಯಾಟರಿ ಕೆಳಗೆ ಬೀಳುತ್ತವೆ. ಅಂದರೆ ಇಷ್ಟು ದಿನ ಮಾತಾಡಿದ್ದು? ಅವಳು ಗೊಂಬೆಯ ಬೆನ್ನಿನ ಮುಚ್ಚಳ ತೆಗೆದು ನೋಡುತ್ತಾಳೆ, ಖಾಲಿ. ಕೊಲೆಗಾರ ಗೊಂಬೆ ಸಿನಿಮಾಗಳಲ್ಲೇ ಅದಕ್ಕಿಂತ ಒಳ್ಳೆಯ ದೃಶ್ಯ ನಾನು ನೋಡಿಲ್ಲ.

ಈಗ ಎರಡನೇ ಭಾಗದ ಕಷ್ಟ ನೋಡಿ. ಗುಟ್ಟು ರಟ್ಟಾಗಿದೆ. 1990ರಲ್ಲಿ ಟಿಕೆಟ್ ತಗೊಂಡು ಒಳಗೆ ಹೋದವನಿಗೆ ಚಕಿ ಯಾರು ಅಂತ ಗೊತ್ತು. ಹಾಗಾಗಿ ಅವರು ಒಂದು ಜಾಣತನ ಮಾಡಿದರು. ನಮಗೆ ಗೊತ್ತು, ಆದರೆ ಮೊದಲ ಚಿತ್ರದ ಹುಡುಗ ಆಂಡಿಯನ್ನು ಸಾಕೋಕೆ ತಗೊಂಡ ಮನೆಯವರಿಗೆ ಗೊತ್ತಿಲ್ಲ. ಆ ಮನೆಯಲ್ಲಿ ಅದೇ ಥರದ ಇನ್ನೊಂದು ಗೊಂಬೆ ಇದೆ, ಟಾಮಿ ಅಂತ. ಚಕಿ ಟಾಮಿಯನ್ನು ಒಡೆದು ಹಿತ್ತಲಲ್ಲಿ ಹೂತು, ಅದರ ಜಾಗದಲ್ಲಿ ತಾನು ಕೂತುಕೊಳ್ಳುತ್ತಾನೆ. ಇದು ನಮಗೆ ಮಾತ್ರ ಗೊತ್ತು. ಆ ಮಗು ಗೊಂಬೆ ಹತ್ತಿರ ಹೋದಾಗಲೆಲ್ಲ ನಾವು ಉಸಿರು ಬಿಗಿಹಿಡಿದು ಕೂತಿರುತ್ತೇವೆ.

ಗುಟ್ಟು ಹೋದರೂ ಭಯ ಉಳಿಯುತ್ತೆ. ಅದು ಇನ್ನೊಂದು ಥರದ ಭಯ, ಅಷ್ಟೇ.

ಯಂತ್ರಪ್ರೇಮಿ
ನಾನು ಇಲ್ಲಿ ಒಬ್ಬನೇ ಆಗುತ್ತೇನೋ ಏನೋ, ಆದರೂ ಹೇಳುತ್ತೇನೆ. ಮೇಗನ್ 2.0 ನನಗೆ ಮೊದಲನೆಯದಕ್ಕಿಂತ ಜಾಸ್ತಿ ಇಷ್ಟವಾಯಿತು. ಮೊದಲ ಭಾಗವೇ ಅರ್ಧ ಕಾಮಿಡಿ ಅಲ್ವಾ? ಕಾರಿಡಾರ್‌ನಲ್ಲಿ ಕುಣಿದುಕೊಂಡು ಬಂದು ಕೊಲ್ಲುವ ಗೊಂಬೆಯನ್ನು ನೋಡಿ ಎಷ್ಟು ಜನ ಹೆದರಿದರು? ಆ ಕುಣಿತವೇ ತಾನೇ ಎಲ್ಲರ ಫೋನಿನಲ್ಲಿ ಓಡಾಡಿದ್ದು. ನಿರ್ದೇಶಕ ಜೆರಾರ್ಡ್ ಜಾನ್‌ಸ್ಟೋನ್ ಅದನ್ನೇ ಹಿಡಿದು ಮುಂದಕ್ಕೆ ಹೋಗಿದ್ದಾರೆ. ಮಾಡಿದ್ದನ್ನೇ ಮಾಡಿದ್ದರೆ ಆಗಲೂ ನೀವು ಬೈಯುತ್ತಿದ್ದಿರಿ.

ಮೇಗನ್‌ಳನ್ನು ಆ ಪುಟ್ಟ ಆಟಿಕೆ ರೋಬೋ ಒಳಗೆ ಹಾಕುತ್ತಾರಲ್ಲ, ಕೈಲಾಗದ ಕೋಪದಲ್ಲಿ ಮಾತಾಡುತ್ತಾಳಲ್ಲ, ಅದು ನನಗೆ ತುಂಬಾ ಹಿಡಿಸಿತು.

ನಿಶಾಚರಿ
@ಯಂತ್ರಪ್ರೇಮಿ ಕುಣಿತ ನೋಡಿ ನಗು ಬರುತ್ತೆ, ಸರಿ. ಆದರೆ ಕುಣಿತ ಮುಗಿದ ತಕ್ಷಣ ಅವಳು ಕತ್ತರಿಸುವ ಯಂತ್ರದ ಬ್ಲೇಡ್ ಕಿತ್ತುಕೊಳ್ಳುತ್ತಾಳೆ. ನಗು ಗಂಟಲಲ್ಲೇ ನಿಲ್ಲುತ್ತೆ. ಎರಡನೇ ಭಾಗದಲ್ಲಿ ನಗು ಇದೆ, ಆ ಬ್ಲೇಡ್ ಇಲ್ಲ. ನನ್ನ ತಕರಾರು ಅದೇ.

ಗಲ್ಲಾಪೆಟ್ಟಿಗೆ
ಲೆಕ್ಕ ಏನು ಹೇಳುತ್ತೆ ನೋಡೋಣ. ಮೊದಲ ಮೇಗನ್‌ಗೆ ಖರ್ಚಾದದ್ದು ಸುಮಾರು 1.2 ಕೋಟಿ ಡಾಲರ್. ಪ್ರಪಂಚದಾದ್ಯಂತ ಗಳಿಸಿದ್ದು ಸುಮಾರು 18 ಕೋಟಿ ಡಾಲರ್. 2025ರ ಜೂನ್‌ನಲ್ಲಿ ಬಂದ ಎರಡನೇ ಭಾಗ ಒಟ್ಟು 4 ಕೋಟಿ ಡಾಲರ್ ಕೂಡ ಮುಟ್ಟಲಿಲ್ಲ. ಅಮೆರಿಕದಲ್ಲಿ ಮೊದಲನೆಯದರ ಮೊದಲ ವಾರಾಂತ್ಯ ಸುಮಾರು 3 ಕೋಟಿ, ಎರಡನೆಯದಕ್ಕೆ ಸುಮಾರು 1 ಕೋಟಿ. ಜನ ಬಂದು ನೋಡಿ ಬೇಡ ಅಂದಿದ್ದಲ್ಲ, ಬರಲೇ ಇಲ್ಲ.

ನಿರ್ಮಾಪಕ ಜೇಸನ್ ಬ್ಲಮ್ ಆಮೇಲೆ ಬಹಿರಂಗವಾಗಿಯೇ ಮಾತಾಡಿದರು. ಮೇಗನ್‌ಳನ್ನು ಸೂಪರ್‌ಮ್ಯಾನ್ ಥರ ಅಂದುಕೊಂಡಿದ್ದೆವು, ಅವಳನ್ನು ಏನು ಬೇಕಾದರೂ ಮಾಡಬಹುದು ಅಂತ ನಂಬಿದ್ದೆವು ಅನ್ನೋ ಅರ್ಥದಲ್ಲಿ ಹೇಳಿದರು. ಸಿನಿಮಾದ ಬಗೆಯನ್ನೇ ಬದಲಾಯಿಸಿದರು, ಜನವರಿಯಿಂದ ಬೇಸಿಗೆಗೆ ತಂದರು, ಕೆಟ್ಟವಳನ್ನು ಒಳ್ಳೆಯವಳನ್ನಾಗಿ ಮಾಡಿದರು. ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸಿದರೆ ಜನ ಯಾಕೆ ಬರುತ್ತಾರೆ?

ಯಂತ್ರಪ್ರೇಮಿ
ದುಡ್ಡು ಮಾಡಲಿಲ್ಲ ಅಂದರೆ ಸಿನಿಮಾ ಚೆನ್ನಾಗಿಲ್ಲ ಅಂತಲ್ಲ. 2014ರ ಅನಬೆಲ್ 25 ಕೋಟಿ ಡಾಲರ್ ದಾಟಿತು. ಅದನ್ನು ಒಳ್ಳೆಯ ಸಿನಿಮಾ ಅನ್ನುತ್ತೀರಾ?

ಕಂದೀಲು
ಅನಬೆಲ್ ಹೆಸರು ಬಂತಲ್ಲ, ಅದಕ್ಕೇ ಕಾಯುತ್ತಿದ್ದೆ.

ಇಲ್ಲಿ ಎಲ್ಲರೂ ಎರಡನೇ ಭಾಗ ಅಂದರೆ ಹಾಳು ಅನ್ನೋ ಹಾಗೆ ಮಾತಾಡುತ್ತಿದ್ದೀರಿ. ಅನಬೆಲ್ ವಿಷಯದಲ್ಲಿ ಉಲ್ಟಾ. ಮೊದಲನೆಯದು ಸಪ್ಪೆ. 2017ರ ಅನಬೆಲ್: ಕ್ರಿಯೇಷನ್ ಎಷ್ಟೋ ಮೇಲು. ದುಡ್ಡೂ ಜಾಸ್ತಿ ಮಾಡಿತು, 30 ಕೋಟಿ ಡಾಲರ್ ದಾಟಿತು. ಅವರು ಕಥೆಯನ್ನು ಮುಂದಕ್ಕೆ ಎಳೆಯಲಿಲ್ಲ, ಹಿಂದಕ್ಕೆ ತಗೊಂಡು ಹೋದರು. ಗೊಂಬೆ ಮಾಡುವ ಕುಶಲಕರ್ಮಿ, ಸತ್ತ ಮಗಳು, ಬೀಗ ಹಾಕಿದ ಕೋಣೆ. ವರ್ಷಗಳ ನಂತರ ಅದೇ ಮನೆಗೆ ಅನಾಥಾಶ್ರಮದ ಹುಡುಗಿಯರು ಬರುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಹೊಸ ಜನ, ಹೊಸ ಮನೆ, ಹಾಗಾಗಿ ಗುಟ್ಟು ಮತ್ತೆ ಗುಟ್ಟಾಗುತ್ತೆ.

ಜಾನಿಸ್ ಅನ್ನೋ ಹುಡುಗಿಗೆ ಪೋಲಿಯೊ, ಕಾಲಿಗೆ ಆಸರೆಯ ಪಟ್ಟಿ. ಮೆಟ್ಟಿಲು ಹತ್ತೋಕೆ ಗೋಡೆಗೆ ಹೊಂದಿಸಿದ ಕುರ್ಚಿ. ಆ ಕುರ್ಚಿ ಎಷ್ಟು ನಿಧಾನ ಅಂತ ನಿರ್ದೇಶಕ ಸ್ಯಾಂಡ್‌ಬರ್ಗ್ ಮೊದಲೇ ತೋರಿಸಿಬಿಡುತ್ತಾರೆ. ಆಗ ಅದು ಏನೂ ಅನ್ನಿಸೋದಿಲ್ಲ. ಆಮೇಲೆ ಅವಳು ಜೀವ ಉಳಿಸಿಕೊಳ್ಳೋಕೆ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಮೋಟಾರು ಗುಂಯ್ ಅನ್ನುತ್ತಾ ತನ್ನ ಪಾಡಿಗೆ ತಾನು ಏರುತ್ತೆ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಇನ್ನೊಂದು ಮಾತು. ಅನಬೆಲ್ ಗೊಂಬೆ ಚಕಿ ಥರ ಚಾಕು ಹಿಡಿದು ಓಡಾಡೋದಿಲ್ಲ, ಮಾತಾಡೋದಿಲ್ಲ. ಕೂತಿರುತ್ತೆ. ನೀವು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಬೇರೆ ಕಡೆ ಕೂತಿರುತ್ತೆ. ನನಗೆ ಅದೇ ಸಾಕು.

ಕೊನೇಸಾಲು
ಕ್ರಿಯೇಷನ್ ಒಳ್ಳೆಯದೇ. ಆದರೆ ಅದು ಎರಡನೇ ಭಾಗ ಹೇಗಾಗುತ್ತೆ? ಹಿಂದಿನ ಕಥೆ ಅದು. ಮೋಸ ಇದು.

ಕಂದೀಲು
ಎರಡನೆಯದಾಗಿ ಬಂತು ತಾನೇ? ಜನ ನೋಡಿದ ಕ್ರಮ ಮುಖ್ಯ.

ಪರದೆಮರೆ
ಸಾ ಸಿನಿಮಾಗಳ ಬಿಲ್ಲಿಯನ್ನು ಯಾರೂ ಹೇಳಲಿಲ್ಲ. ಸೈಕಲ್ ಮೇಲೆ ಬರುತ್ತಲ್ಲ, ಕೆನ್ನೆ ಮೇಲೆ ಕೆಂಪು ಸುರುಳಿ. ಅದೂ ಕೊಲೆಗಾರ ಗೊಂಬೆಯೇ. ಅದರ ಭಾಗಗಳಂತೂ ಮುಗಿಯೋದೇ ಇಲ್ಲ.

ಹಳೇಕ್ಯಾಸೆಟ್
@ಪರದೆಮರೆ ಬಿಲ್ಲಿ ಯಾರನ್ನೂ ಕೊಲ್ಲೋದಿಲ್ಲ. ಆ ಸಿನಿಮಾಗಳ ಕೊಲೆಗಾರ ಜಿಗ್‌ಸಾ ಅದರ ಮೂಲಕ ಸಂದೇಶ ಕೊಡುತ್ತಾನೆ, ಅಷ್ಟೇ. ಅದಕ್ಕೆ ಜೀವ ಇಲ್ಲ. ಆದರೆ ನಂಟು ಇದೆ. ಮೊದಲ ಸಾ ನಿರ್ದೇಶಿಸಿದ ಜೇಮ್ಸ್ ವಾನ್ ಅವರೇ 2007ರಲ್ಲಿ ಡೆಡ್ ಸೈಲೆನ್ಸ್ ಅಂತ ಮಾತಾಡುವ ಗೊಂಬೆಗಳ ಸಿನಿಮಾ ಮಾಡಿದರು. 2013ರಲ್ಲಿ ಕಾಂಜ್ಯೂರಿಂಗ್‌ನಲ್ಲಿ ಅನಬೆಲ್‌ಳನ್ನು ತಂದವರೂ ಅವರೇ. ಮೇಗನ್ ಕಥೆಯಲ್ಲೂ ಅವರ ಪಾಲಿದೆ. ಗೊಂಬೆ ಅಂದರೆ ಆ ಮನುಷ್ಯನಿಗೆ ಬಿಡದ ಸೆಳೆತ.

ಪರದೆಮರೆ
ಸರಿ, ಆದರೆ ನನಗೆ ಬಿಲ್ಲಿ ಮುಖ ನೋಡಿದರೆ ಚಕಿಗಿಂತ ಜಾಸ್ತಿ ಭಯ. ಜೀವ ಇಲ್ಲದಿದ್ದರೂ.

ಅಮ್ಮನಕೋಣೆ
ನಡುವೆ ಒಂದು ಪ್ರಶ್ನೆ, ವಿಷಯ ಬೇರೆ ಕಡೆ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮಗಳಿಗೆ ಹನ್ನೊಂದು ವರ್ಷ. ಶಾಲೆಯಲ್ಲಿ ಎಲ್ಲರೂ ಮೇಗನ್ ಕುಣಿತ ಮಾಡುತ್ತಾರಂತೆ, ನಾನೂ ನೋಡಬೇಕು ಅಂತ ಹಟ. ತೋರಿಸಬಹುದಾ?

ನಿಶಾಚರಿ
@ಅಮ್ಮನಕೋಣೆ ಎರಡೂ ಭಾಗಕ್ಕೆ ಅಮೆರಿಕದಲ್ಲಿ ಪಿಜಿ-13 ಕೊಟ್ಟಿದ್ದಾರೆ, ಅಂದರೆ ಹದಿಮೂರರ ಒಳಗಿನ ಮಕ್ಕಳಿದ್ದರೆ ಪೋಷಕರು ಎಚ್ಚರವಾಗಿರಿ ಅಂತ. ರಕ್ತ ಅಷ್ಟಾಗಿ ತೋರಿಸೋದಿಲ್ಲ. ಆದರೆ ಮೊದಲ ಭಾಗದಲ್ಲಿ ಒಬ್ಬ ಹುಡುಗನ ಕಿವಿ ಎಳೆಯುವ ದೃಶ್ಯ ಇದೆ, ಅವನು ಸಾಯುತ್ತಾನೆ. ನಾಯಿಯೂ ಸಾಯುತ್ತೆ. ಅಪ್ಪ ಅಮ್ಮ ಸಾಯುವ ಅಪಘಾತ ಶುರುವಿನಲ್ಲೇ ಬರುತ್ತೆ. ಅದು ಮಗುವಿನ ಮನಸ್ಸಿಗೆ ಗೊಂಬೆಗಿಂತ ಜಾಸ್ತಿ ನಾಟುತ್ತೆ ಅಂತ ನನಗೆ ಅನ್ನಿಸುತ್ತೆ. ಮೊದಲು ನೀವೊಬ್ಬರೇ ನೋಡಿ. ಇನ್ನೊಂದು, ರೇಟಿಂಗ್ ಇಲ್ಲದ ಆವೃತ್ತಿ ಅಂತ ಬೇರೆ ಇದೆ, ಅದರಲ್ಲಿ ರಕ್ತ ಜಾಸ್ತಿ. ಅದನ್ನು ಹಾಕಬೇಡಿ.

ಯಂತ್ರಪ್ರೇಮಿ
@ಅಮ್ಮನಕೋಣೆ ಅವಳಿಗೆ ಎರಡನೇ ಭಾಗ ತೋರಿಸಿ ಮೇಡಂ. ಹೆದರಿಸೋದಿಲ್ಲ ಅಂತ ಇಲ್ಲಿ ಎಲ್ಲರೂ ಹೇಳುತ್ತಿದ್ದಾರಲ್ಲ. ಆ ವಯಸ್ಸಿಗೆ ಅದೇ ಸರಿ.

ಅಮ್ಮನಕೋಣೆ
ಕಿವಿ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮೊದಲು ನಾನೇ ನೋಡುತ್ತೇನೆ. ನನಗೆ ಇನ್ನೊಂದು ಭಯ ಇದೆ. ಈಗ ಅಂಗಡಿಯಲ್ಲಿ ಸಿಗುವ ಮಾತಾಡುವ ಗೊಂಬೆಗಳು ನಿಜವಾಗಿಯೂ ಇಂಟರ್ನೆಟ್‌ಗೆ ಕನೆಕ್ಟ್ ಆಗುತ್ತವೆ ಅಲ್ವಾ?

ತಂತಿಜಾಲ
ಆಗುತ್ತವೆ. ಇದು ಬರೀ ಸಿನಿಮಾ ಮಾತಲ್ಲ. 2017ರಲ್ಲಿ ಜರ್ಮನಿಯ ಸರ್ಕಾರಿ ನಿಯಂತ್ರಣ ಸಂಸ್ಥೆ 'ಮೈ ಫ್ರೆಂಡ್ ಕೇಲಾ' ಅನ್ನೋ ಗೊಂಬೆಯನ್ನು ನಿಷೇಧ ಮಾಡಿತು. ಅದರೊಳಗೆ ಮೈಕ್ ಇತ್ತು, ಬ್ಲೂಟೂತ್ ಇತ್ತು. ಹತ್ತಿರದಲ್ಲಿರುವ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಅದಕ್ಕೆ ಕನೆಕ್ಟ್ ಆಗಬಹುದಿತ್ತು. ಗುಟ್ಟಾಗಿ ಕದ್ದು ಕೇಳುವ ಸಾಧನ ಅಂತಲೇ ಅದನ್ನು ಪರಿಗಣಿಸಿದರು. ಮನೆಯಲ್ಲಿದ್ದರೆ ಹಾಳುಮಾಡಿ ಅಂತ ಪೋಷಕರಿಗೆ ಹೇಳಿದರು. ಯೋಚಿಸಿ. ಮಗು ರಾತ್ರಿ ತಬ್ಬಿಕೊಂಡು ಮಲಗುವ ಗೊಂಬೆಗೆ ಸರ್ಕಾರ ಹೀಗೆ ಹೇಳಬೇಕಾಯಿತು.

ಮೇಗನ್ ಮೊದಲ ಭಾಗ ಕೈಹಾಕಿದ್ದು ಈ ಭಯಕ್ಕೆ. ಎರಡನೆಯದು ಅದನ್ನು ಬಿಟ್ಟು ಸೈನ್ಯ, ಜಗತ್ತಿನ ನಾಶ ಅಂತ ಹೋಯಿತು. ಜಗತ್ತು ನಾಶವಾಗುತ್ತೆ ಅಂದರೆ ಯಾರಿಗೂ ಹೆದರಿಕೆ ಆಗೋದಿಲ್ಲ. ಪಕ್ಕದ ರೂಮಿನಲ್ಲಿ ಮಗು ಯಾರ ಜೊತೆ ಮಾತಾಡುತ್ತಿದೆ ಅಂದರೆ ಆಗುತ್ತೆ.

ನಿಶಾಚರಿ
@ತಂತಿಜಾಲ ನಾನು ಹುಡುಕುತ್ತಿದ್ದ ಮಾತು ಇದೇ. ಪಕ್ಕದ ರೂಮು. ಮೊದಲ ಭಾಗದ ಕೊನೆ ನೆನಪಿದೆಯಾ? ಎಲ್ಲ ಮುಗಿದು ಅವರು ಮನೆಯಿಂದ ಹೊರಗೆ ಹೋಗುತ್ತಾರೆ. ಒಳಗೆ ಎಲ್ಸಿ ಅನ್ನೋ ಮನೆಯ ಸಾಧನ ತಾನಾಗಿಯೇ ಎಚ್ಚರವಾಗುತ್ತೆ. ಎರಡನೇ ಭಾಗದ ಕಥೆ ಅಲ್ಲೇ ಇತ್ತು! ಮನೆಯ ದೀಪ, ಬಾಗಿಲು, ಸ್ಪೀಕರ್ ಎಲ್ಲದರಲ್ಲೂ ಅವಳೇ. ಮೈಯೇ ಇಲ್ಲದ ಗೊಂಬೆ. ಅಷ್ಟು ದಿನ ಅವಳು ಮನೆಯೊಳಗೇ ಇದ್ದಳು ಅಂತ 2.0ರಲ್ಲಿ ಹೇಳುತ್ತಾರೆ, ನಿಜ. ಆದರೆ ಹೇಳಿ ಮುಂದೆ ಓಡಿಬಿಡುತ್ತಾರೆ.

ಗಲ್ಲಾಪೆಟ್ಟಿಗೆ
ಮೈಯೇ ಇಲ್ಲದ ಗೊಂಬೆ ಅಂದರೆ ಪೋಸ್ಟರ್‌ನಲ್ಲಿ ಏನು ಹಾಕುತ್ತಾರೆ? ನಿರ್ಮಾಪಕರು ಒಪ್ಪೋದಿಲ್ಲ ರೀ.

ಒಡೆದಕನ್ನಡಿ
ಎಲ್ಲರೂ ಮೇಗನ್‌ಗೆ ಬೈಯುತ್ತಿದ್ದೀರಿ. ನನ್ನ ಸಿಟ್ಟು ದ ಬಾಯ್ ಮೇಲೆ. ಅದರ ಎರಡನೇ ಭಾಗ ಮಾಡಿದ ಅನ್ಯಾಯ ಬೇರೆ ಯಾವುದೂ ಮಾಡಿಲ್ಲ.

2016ರ ಮೊದಲ ಚಿತ್ರ ನೋಡದವರಿಗೆ ಹೇಳುತ್ತೇನೆ. ವಯಸ್ಸಾದ ಗಂಡ ಹೆಂಡತಿ ಮಗನನ್ನು ನೋಡಿಕೊಳ್ಳೋಕೆ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಕರೆಯುತ್ತಾರೆ. ಮಗ ಅಂದರೆ ಪಿಂಗಾಣಿ ಗೊಂಬೆ, ಹೆಸರು ಬ್ರಾಮ್ಸ್. ಅದಕ್ಕೆ ಊಟ, ಪಾಠ, ಮಲಗುವ ಮುಂಚೆ ಮುತ್ತು. ನಿಯಮಗಳ ಒಂದು ಪಟ್ಟಿಯನ್ನೇ ಕೈಗೆ ಕೊಡುತ್ತಾರೆ. ಗೊಂಬೆ ಜಾಗ ಬದಲಾಯಿಸುತ್ತೆ, ವಸ್ತುಗಳು ಮಾಯವಾಗುತ್ತವೆ. ಗೊಂಬೆಗೆ ಜೀವ ಇದೆ ಅಂತ ಅವಳೂ ನಂಬುತ್ತಾಳೆ, ನಾವೂ ನಂಬುತ್ತೇವೆ. ಕೊನೆಗೆ ಗೋಡೆ ಒಡೆದು ಹೊರಗೆ ಬರುವವನು ನಿಜವಾದ ಬ್ರಾಮ್ಸ್, ಬೆಳೆದು ದೊಡ್ಡವನಾದ ಗಂಡಸು. ಇಷ್ಟು ವರ್ಷ ಗೋಡೆಯ ಹಿಂದೆ ಬದುಕಿದ್ದಾನೆ! ಗೊಂಬೆ ಬರೀ ಗೊಂಬೆ. ನನಗೆ ಎದೆ ಝಲ್ಲೆಂದಿತು.

2020ರಲ್ಲಿ ಎರಡನೇ ಭಾಗ ಬಂತು. ಅದೇ ನಿರ್ದೇಶಕ, ಚಿತ್ರಕಥೆ ಬರೆದವರೂ ಮೊದಲಿನವರೇ. ಗೊಂಬೆಗೆ ನಿಜವಾಗಿಯೂ ದೆವ್ವ ಹಿಡಿದಿದೆಯಂತೆ, ಹಿಂದಿನಿಂದಲೂ ಹಿಡಿದಿತ್ತಂತೆ. ಹಾಗಾದರೆ ಗೋಡೆಯ ಹಿಂದಿನ ಆ ಮನುಷ್ಯನ ಕಥೆಗೆ ಏನು ಬೆಲೆ ಉಳಿಯಿತು? ತಾವೇ ಕಟ್ಟಿದ ಮನೆಯನ್ನು ತಾವೇ ಕೆಡವಿದರು. ಮೊದಲ ಚಿತ್ರವನ್ನು ಈಗ ನಿಷ್ಠೆಯಿಂದ ನೋಡೋಕೂ ಆಗೋದಿಲ್ಲ, ಹಾಗೆ ಮಾಡಿಬಿಟ್ಟರು.

ಕಂದೀಲು
@ಒಡೆದಕನ್ನಡಿ ಪೂರ್ತಿ ಒಪ್ಪುತ್ತೇನೆ. ಹೆದರಿಸದ ಎರಡನೇ ಭಾಗವನ್ನು ಕ್ಷಮಿಸಬಹುದು. ಮೊದಲ ಭಾಗವನ್ನೂ ಸುಳ್ಳು ಮಾಡುವ ಎರಡನೇ ಭಾಗವನ್ನು ಕ್ಷಮಿಸೋಕೆ ಆಗೋದಿಲ್ಲ.

ಯಂತ್ರಪ್ರೇಮಿ
ನೋಡಿದಿರಾ! ಮೇಗನ್ 2.0 ಆ ತಪ್ಪು ಮಾಡಿಲ್ಲ. ಮೊದಲ ಭಾಗದಲ್ಲಿ ಆಗಿದ್ದನ್ನೆಲ್ಲ ಒಪ್ಪಿಕೊಳ್ಳುತ್ತೆ. ಜೆಮ್ಮಾ ಅದರಿಂದ ಬದಲಾಗಿದ್ದಾಳೆ. ಮಕ್ಕಳ ಕೈಗೆ ತಂತ್ರಜ್ಞಾನ ಕೊಡುವ ಬಗ್ಗೆ ಎಚ್ಚರಿಸುತ್ತಾ, ಪುಸ್ತಕ ಬರೆಯುತ್ತಾ ಓಡಾಡುತ್ತಾಳೆ. ಪಾತ್ರ ಬೆಳೆದಿದೆ. ಚಕಿ ಸಿನಿಮಾಗಳಲ್ಲಿ ಯಾರು ಬೆಳೆಯುತ್ತಾರೆ?

ಹಳೇಕ್ಯಾಸೆಟ್
ಆಂಡಿ ಬೆಳೆಯುತ್ತಾನೆ. ಅಕ್ಷರಶಃ. 1988ರಲ್ಲಿ ಆಂಡಿ ಪಾತ್ರ ಮಾಡಿದ ಹುಡುಗ ಅಲೆಕ್ಸ್ ವಿನ್ಸೆಂಟ್, ದೊಡ್ಡವನಾದ ಮೇಲೆ 2013ರಲ್ಲಿ ಮತ್ತೆ ಅದೇ ಪಾತ್ರಕ್ಕೆ ಬಂದ. ಮುಂದೆ ಟಿವಿ ಸರಣಿಯಲ್ಲೂ ಬಂದ. ಒಂದು ಗೊಂಬೆಯಿಂದ ಬಾಲ್ಯ ಕಳೆದುಕೊಂಡವನು ದೊಡ್ಡವನಾಗಿ ಹೇಗಿರುತ್ತಾನೆ ಅಂತ ಅದೇ ನಟನನ್ನು ಇಟ್ಟುಕೊಂಡು ತೋರಿಸಿದ ಭಯದ ಸಿನಿಮಾ ಸರಣಿ ಬೇರೆ ಎಷ್ಟಿವೆ?

ಮೇಣದಕೈ
ನಾನು ಗೊಂಬೆ ಕೆಲಸದ ಬಗ್ಗೆ ಸ್ವಲ್ಪ ಹೇಳಲಾ? ನಾಟಕಗಳಿಗೆ ಮುಖವಾಡ ಮಾಡುತ್ತೇನೆ, ಹಾಗಾಗಿ ನನ್ನ ಕಣ್ಣು ಅಲ್ಲಿಗೇ ಹೋಗುತ್ತೆ.

ಮೊದಲ ಚೈಲ್ಡ್ಸ್ ಪ್ಲೇಯಲ್ಲಿ ಚಕಿಯನ್ನು ಮಾಡಿದವರು ಕೆವಿನ್ ಯಾಗರ್. ಒಂದು ಗೊಂಬೆ ಅಲ್ಲ, ಹಲವು. ಕಥೆ ಮುಂದೆ ಹೋದ ಹಾಗೆ ಚಕಿ ನಿಧಾನವಾಗಿ ಮನುಷ್ಯನಾಗುತ್ತಾ ಹೋಗುತ್ತಾನೆ. ಹಾಗಾಗಿ ಮುಖ ಬದಲಾಗುತ್ತೆ, ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಯುತ್ತೆ. ಮೊದಲ ದೃಶ್ಯ ಮತ್ತು ಕೊನೆಯ ದೃಶ್ಯ ಅಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತೆ. ನೋಡುವಾಗ ಇದು ಗಮನಕ್ಕೆ ಬರೋದಿಲ್ಲ, ಏನೋ ಸರಿಯಿಲ್ಲ ಅಂತ ಮಾತ್ರ ಅನ್ನಿಸುತ್ತೆ. ಕೆಲವು ಕಡೆ ಪೂರ್ತಿ ಮೈ ಓಡಬೇಕಾದಾಗ ಎಡ್ ಗೇಲ್ ಅನ್ನೋ ಕುಳ್ಳ ನಟ ಆ ವೇಷ ಹಾಕಿದರು, ಅವರ ಅಳತೆಗೆ ಸೆಟ್ಟನ್ನೇ ದೊಡ್ಡದಾಗಿ ಕಟ್ಟಿದರು.

ಮೇಗನ್ ಕೂಡ ಹೀಗೇ. ಮೈ ಏಮಿ ಡೊನಾಲ್ಡ್ ಅನ್ನೋ ಪುಟ್ಟ ಹುಡುಗಿಯದ್ದು, ಮುಖವಾಡ ಹಾಕಿಕೊಂಡು ಮಾಡಿದ್ದು. ದನಿ ಜೆನ್ನಾ ಡೇವಿಸ್ ಅವರದ್ದು. ಹತ್ತಿರದ ದೃಶ್ಯಗಳಿಗೆ ಯಂತ್ರದ ಗೊಂಬೆ. ಕಾಡಿನಲ್ಲಿ ನಾಲ್ಕು ಕಾಲಲ್ಲಿ ಓಡುತ್ತಾಳಲ್ಲ, ಅದನ್ನು ಆ ಹುಡುಗಿ ಮಾಡಿ ತೋರಿಸಿದ್ದು. ಎರಡನೇ ಭಾಗದ ಹೊತ್ತಿಗೆ ಅವಳು ಉದ್ದ ಬೆಳೆದಿದ್ದಳು. ಅದಕ್ಕೇ ಕಥೆಯಲ್ಲೂ ಮೇಗನ್‌ಗೆ ಉದ್ದದ ಮೈ ಬರುತ್ತೆ. ಇದನ್ನು ಕಥೆಗೆ ಹೊಂದಿಸಿದ್ದು ಜಾಣತನ. ಆದರೆ ನನ್ನ ಪ್ರಕಾರ ಭಯ ಕಡಿಮೆಯಾಗೋಕೆ ಅದೂ ಒಂದು ಕಾರಣ. ಎದುರಿಗೆ ನಿಂತಾಗ ಅವಳು ಈಗ ಗೊಂಬೆಯಲ್ಲ, ದೊಡ್ಡ ಹುಡುಗಿ. ಗೊಂಬೆ ಚಿಕ್ಕದಿರಬೇಕು. ನಾವು ಬಗ್ಗಿ ಎತ್ತಿಕೊಳ್ಳುವ ಹಾಗಿರಬೇಕು.

ತಂತಿಜಾಲ
@ಮೇಣದಕೈ ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಯಂತ್ರ ಮನುಷ್ಯನನ್ನು ಹೋಲುತ್ತಾ ಹೋದ ಹಾಗೆ ನಮಗೆ ಇಷ್ಟವಾಗುತ್ತಾ ಹೋಗುತ್ತೆ. ಇನ್ನೇನು ಮನುಷ್ಯನೇ ಅನ್ನುವ ಹೊತ್ತಿಗೆ ಸಣ್ಣ ವ್ಯತ್ಯಾಸ ಉಳಿದರೆ ಥಟ್ಟನೆ ಹೇಸಿಗೆ, ಭಯ ಹುಟ್ಟುತ್ತೆ. ಅಲುಗಾಡಿದರೆ ಇನ್ನೂ ಜಾಸ್ತಿ ಅಂದರು ಅವರು. ಅಮೀಲಿಯಾ ಪಾತ್ರ ನನಗೆ ಭಯ ಹುಟ್ಟಿಸದೆ ಇರೋಕೆ ಇದೇ ಕಾರಣ. ಅವಳು ಪೂರ್ತಿ ಮನುಷ್ಯಳ ಥರ ಇದ್ದಾಳೆ. ವ್ಯತ್ಯಾಸವೇ ಉಳಿದಿಲ್ಲ.

ಕೊನೇಸಾಲು
ಬುದ್ಧಿವಂತ ಯಂತ್ರದ ಗೊಂಬೆ ಅಂದರೆ ಮೇಗನ್ನೇ ಮೊದಲು ಅನ್ನೋ ಹಾಗೆ ಎಲ್ಲ ಕಡೆ ಬರೆಯುತ್ತಾರೆ. 2019ರ ಚೈಲ್ಡ್ಸ್ ಪ್ಲೇ ಮರೆತುಬಿಟ್ಟಿರಾ? ಅದರಲ್ಲಿ ಕೊಲೆಗಾರನ ಆತ್ಮ ಇಲ್ಲ, ಮಾಟ ಇಲ್ಲ. ಕಾರ್ಖಾನೆಯ ಒಬ್ಬ ಕೆಲಸಗಾರ ಸಿಟ್ಟಿನಲ್ಲಿ ಗೊಂಬೆಯ ಸುರಕ್ಷತೆಯ ಮಿತಿಗಳನ್ನೆಲ್ಲ ತೆಗೆದುಹಾಕುತ್ತಾನೆ. ಮನೆಯ ಉಳಿದ ಸಾಧನಗಳಿಗೂ ಅದು ಕನೆಕ್ಟ್ ಆಗುತ್ತೆ. ದನಿ ಮಾರ್ಕ್ ಹ್ಯಾಮಿಲ್ ಅವರದ್ದು.

ಹಳೇಕ್ಯಾಸೆಟ್
ಮರೆತಿಲ್ಲ, ಲೆಕ್ಕಕ್ಕೆ ಇಟ್ಟಿಲ್ಲ. ಬ್ರ್ಯಾಡ್ ಡೂರಿಫ್ ದನಿ ಇಲ್ಲದ ಚಕಿ ಚಕಿಯೇ ಅಲ್ಲ. 1988ರಿಂದ ಟಿವಿ ಸರಣಿಯವರೆಗೂ ಆ ಮನುಷ್ಯನದ್ದೇ ದನಿ. ಆ ನಗು ಬೇರೆ ಯಾರಿಗೂ ಬರೋದಿಲ್ಲ.

ಒಡೆದಕನ್ನಡಿ
2019ರದ್ದು ಅಷ್ಟು ಕೆಟ್ಟದ್ದಲ್ಲ. ಅದರ ಗೊಂಬೆಗೆ ದ್ವೇಷ ಇಲ್ಲ, ಹುಡುಗನ ಮೇಲೆ ಪ್ರೀತಿ ಇದೆ. ಒಂದು ಕೊಲೆಯ ಸಿನಿಮಾ ನೋಡಿ ಹುಡುಗರು ನಗುತ್ತಾರೆ. ಇವರಿಗೆ ಇದು ಖುಷಿ ಕೊಡುತ್ತೆ ಅಂತ ಗೊಂಬೆ ಕಲಿಯುತ್ತೆ. ಅದನ್ನು ನೋಡಿ ನನಗೆ ಸಂಕಟವಾಯಿತು. ಚಕಿ ಅನ್ನೋ ಹೆಸರು ಇಲ್ಲದಿದ್ದರೆ ನೀವೇ ಹೊಗಳುತ್ತಿದ್ದಿರಿ.

ನಗೆಹಬ್ಬ
ಯಾರೂ ಬ್ರೈಡ್ ಆಫ್ ಚಕಿ ಹೆಸರು ಎತ್ತಲಿಲ್ಲ! 1998. ರಾನಿ ಯು ನಿರ್ದೇಶನ. ಚಕಿಯ ವಧು ಟಿಫನಿಯಾಗಿ ಜೆನಿಫರ್ ಟಿಲ್ಲಿ. ಆ ಸರಣಿಯನ್ನು ಉಳಿಸಿದ್ದೇ ಅದು. ಮೂರನೇ ಭಾಗ ಎರಡನೆಯದರ ಹಿಂದೆಯೇ ಒಂದು ವರ್ಷದೊಳಗೆ ಬಂದು ಮಕಾಡೆ ಮಲಗಿತ್ತು. ಸೈನಿಕ ಶಾಲೆಯಲ್ಲಿ ಚಕಿ, ಯಾರಿಗೆ ಬೇಕಿತ್ತು? ಏಳು ವರ್ಷ ಬಿಟ್ಟು ಇವರು ಬಂದು, ಹೆದರಿಸೋದು ಆಗೋದಿಲ್ಲ, ನಗಿಸೋಣ ಅಂದರು. ಗೆದ್ದರು. ಹಾಗಿರುವಾಗ ಮೇಗನ್ ಅದೇ ಕೆಲಸ ಮಾಡಿದರೆ ಯಾಕೆ ಸಿಟ್ಟು?

ನಿಶಾಚರಿ
@ನಗೆಹಬ್ಬ ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇದು. ಬ್ರೈಡ್‌ನಲ್ಲಿ ಚಕಿ ಕೆಟ್ಟವನಾಗಿಯೇ ಉಳಿದ. ನಗಿಸುತ್ತಲೇ ಕೊಲ್ಲುತ್ತಿದ್ದ. ಮೇಗನ್‌ಳನ್ನು ಒಳ್ಳೆಯವಳನ್ನಾಗಿ ಮಾಡಿ, ಕೊನೆಗೆ ತ್ಯಾಗವನ್ನೂ ಮಾಡಿಸಿದರು. ಅವಳು ಏನು ಮಾಡಿಬಿಡುತ್ತಾಳೋ ಅನ್ನೋದು ಇಲ್ಲದ ಮೇಲೆ ಅವಳ ತಮಾಷೆಗೂ ಖಾರ ಇರೋದಿಲ್ಲ.

ಯಂತ್ರಪ್ರೇಮಿ
ಕೆಟ್ಟವಳು ಬದಲಾಗಲೇಬಾರದಾ? ಇದು ಅನ್ಯಾಯ.

ನಿಶಾಚರಿ
ಬದಲಾಗಲಿ. ಆದರೆ ಆ ಬದಲಾವಣೆಯನ್ನು ನಾನು ನಂಬಬೇಕಲ್ಲ? ಹುಡುಗನನ್ನು, ಪಕ್ಕದ ಮನೆಯ ಹೆಂಗಸನ್ನು ಕೊಂದವಳು. ಅವಳು ಸುಳ್ಳು ಹೇಳುತ್ತಿದ್ದಾಳಾ ಇಲ್ವಾ ಅಂತ ಕೊನೆಯವರೆಗೂ ನನಗೆ ಅನುಮಾನ ಉಳಿಸಿದ್ದರೆ ಸಾಕಿತ್ತು. ಜೆಮ್ಮಾಗೆ ಹಾಡು ಹೇಳುವ ದೃಶ್ಯವನ್ನೇ ತಗೊಳ್ಳಿ. ಅಲ್ಲಿ ಭಯವಾಗಬೇಕಿತ್ತು. ಮೊದಲ ಭಾಗದಲ್ಲಿ ಮಗುವನ್ನು ಹಾಡಿ ಒಲಿಸಿಕೊಂಡ ಗೊಂಬೆ ಈಗ ಮಗುವಿನ ಚಿಕ್ಕಮ್ಮನಿಗೆ ಹಾಡುತ್ತಿದೆ. ಅವರು ಅದನ್ನು ನಗುವಿಗೆ ಬಳಸಿಕೊಂಡು ಮುಂದೆ ಹೋದರು.

ಮೇಣದಕೈ
ಇದು ನನಗೆ ಹೊಳೆದೇ ಇರಲಿಲ್ಲ. ಆ ದೃಶ್ಯ ಇನ್ನೊಮ್ಮೆ ನೋಡಬೇಕು.

ಕಂದೀಲು
ನಮ್ಮ ಅಕ್ಕ ಚಿಕ್ಕವಳಿದ್ದಾಗ ಮಲಗುವ ಮುಂಚೆ ತನ್ನ ಗೊಂಬೆಗಳ ಮುಖವನ್ನೆಲ್ಲ ಗೋಡೆ ಕಡೆ ತಿರುಗಿಸಿ ಇಡುತ್ತಿದ್ದಳು. ಯಾವ ಸಿನಿಮಾನೂ ನೋಡಿರಲಿಲ್ಲ ಆಗ.

ಪರದೆಮರೆ
ನನಗೆ ಗೋಡೆ ಕಡೆ ತಿರುಗಿರುವ ಗೊಂಬೆ ಇನ್ನೂ ಭಯ!

ಹಳೇಕ್ಯಾಸೆಟ್
ಎರಡನೇ ಭಾಗ ಅಂತ ಮಾತ್ರ ಹಿಡಿದು ಕೂರಬೇಡಿ. ಆರನೇ ಭಾಗ ನೋಡಿ. 2013ರ ಕರ್ಸ್ ಆಫ್ ಚಕಿ. ನಗು ಜಾಸ್ತಿಯಾಗಿ ಸರಣಿ ದಾರಿ ತಪ್ಪಿತ್ತು. ಚಕಿಯನ್ನು ಹುಟ್ಟಿಸಿದ ಬರಹಗಾರ ಡಾನ್ ಮ್ಯಾನ್ಚಿನಿ ಅದನ್ನು ಮತ್ತೆ ಒಂದು ಮನೆಯೊಳಗೆ ತಂದರು. ವೀಲ್‌ಚೇರ್‌ನಲ್ಲಿರುವ ನೀಕಾ, ಹಳೆಯ ದೊಡ್ಡ ಮನೆ, ಒಳಗೊಂದು ಲಿಫ್ಟು. ಒಂದು ದಿನ ಪಾರ್ಸೆಲ್‌ನಲ್ಲಿ ಗೊಂಬೆ ಬರುತ್ತೆ. ಯಾರು ಕಳಿಸಿದರು ಗೊತ್ತಿಲ್ಲ.

ಅದರಲ್ಲಿ ಊಟದ ದೃಶ್ಯ ಇದೆ. ಒಂದು ಬಟ್ಟಲಿಗೆ ಚಕಿ ಇಲಿ ಪಾಷಾಣ ಹಾಕಿದ್ದಾನೆ. ಯಾವ ಬಟ್ಟಲು ಅಂತ ನಮಗೆ ಗೊತ್ತಾಗೋದಿಲ್ಲ. ಕ್ಯಾಮೆರಾ ಮೇಲಿನಿಂದ ಮೇಜನ್ನು ತೋರಿಸುತ್ತೆ, ಎಲ್ಲರ ಮುಂದೆ ಬಟ್ಟಲು. ಎಲ್ಲರೂ ಮಾತಾಡುತ್ತಾ ಚಮಚ ಎತ್ತುತ್ತಾರೆ. ಆ ಮೇಜಿನಲ್ಲಿ ಪುಟ್ಟ ಹುಡುಗಿಯೂ ಇದ್ದಾಳೆ. ಗೊಂಬೆ ಆ ದೃಶ್ಯದಲ್ಲಿ ಏನೂ ಮಾಡೋದಿಲ್ಲ. ಚಕಿ ಯಾರು ಅಂತ 25 ವರ್ಷದಿಂದ ಗೊತ್ತಿರುವ ನಾನು ಕೂಡ ಕುರ್ಚಿಯ ತುದಿಗೆ ಬಂದೆ. ನಿಶಾಚರಿ, ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ. ಗೊತ್ತಿದ್ದರೂ ಹೆದರಿಸಬಹುದು. ಗೊಂಬೆಯನ್ನು ಮನೆಯಿಂದ ಹೊರಗೆ ಬಿಡಬಾರದು.

ನಗೆಹಬ್ಬ
ನೀಕಾ ಪಾತ್ರ ಮಾಡಿದ್ದು ಫಿಯೋನಾ ಡೂರಿಫ್, ಬ್ರ್ಯಾಡ್ ಡೂರಿಫ್ ಮಗಳು. ಅಪ್ಪನ ದನಿಯ ಗೊಂಬೆ ಮಗಳನ್ನು ಅಟ್ಟಿಸಿಕೊಂಡು ಹೋಗುತ್ತೆ.

ಗಲ್ಲಾಪೆಟ್ಟಿಗೆ
ಕರ್ಸ್ ನೇರವಾಗಿ ಡಿಸ್ಕ್‌ಗೆ ಬಂದ ಸಿನಿಮಾ. ಚಿತ್ರಮಂದಿರದ ಒತ್ತಡ ಇಲ್ಲದಿದ್ದಾಗ ಧೈರ್ಯ ಬರುತ್ತೆ. ದೊಡ್ಡದಾಗಿ ಮಾಡಿ ಅಂತ ತಲೆ ಮೇಲೆ ಯಾರೂ ಕೂರೋದಿಲ್ಲ.

ನಿಶಾಚರಿ
ಕರ್ಸ್ ನೋಡಿಲ್ಲ. ಬ್ರೈಡ್ ನೋಡಿದ್ದೇನೆ, ಅದರ ಮುಂದಿನದು ಬಿಟ್ಟಿದ್ದೇನೆ. ನೇರ ಕರ್ಸ್‌ಗೆ ಹೋದರೆ ಅರ್ಥವಾಗುತ್ತಾ?

ಹಳೇಕ್ಯಾಸೆಟ್
ಆಗುತ್ತೆ. 2004ರ ಸೀಡ್ ಆಫ್ ಚಕಿ ಬಿಟ್ಟರೂ ಕರ್ಸ್‌ಗೆ ತೊಂದರೆ ಇಲ್ಲ. ಆದರೆ ಹೆಸರುಗಳೆಲ್ಲ ಮುಗಿದ ಮೇಲೂ ಕೂತಿರಿ, ಅಲ್ಲೊಂದು ದೃಶ್ಯ ಇದೆ. ಆಮೇಲೆ 2017ರ ಕಲ್ಟ್ ಆಫ್ ಚಕಿ ನೋಡಿ, ಅದಾದ ಮೇಲೆ ಟಿವಿ ಸರಣಿ. ಸರಣಿಯಲ್ಲಿ ಸೀಡ್‌ನ ಪಾತ್ರಗಳು ಬರುತ್ತವೆ, ಅಷ್ಟರೊಳಗೆ ಅದನ್ನೂ ಮುಗಿಸಿಕೊಳ್ಳಿ. ಮೂರು ಸೀಸನ್ ಆಗಿ 2024ರಲ್ಲಿ ನಿಂತುಹೋಯಿತು.

ನಗೆಹಬ್ಬ
ಸೀಡ್ ಬಿಡಬಾರದು! ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಎಲ್ಲರೂ ಅಲ್ಲಿಗೆ ಬನ್ನಿ.